ಸಬ್ಸಿಡಿ ಬೇಳೆ

ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ದೇಶದ ಯಾವ ತಕರಾರೂ ಪೇಪರಿನಲ್ಲೇ ಉಳಿಯುತ್ತಿರಲಿಲ್ಲ. ಹೇಗೋ ಮೆಟ್ಟಿಲು ಹತ್ತಿ ಯಾರದಾದರೂ ಅಡುಗೆಮನೆ ಸೇರುತ್ತಿತ್ತು. ಎಂಬತ್ತರ ದಶಕದ ಮಾತು. ಉಪ್ಪು ಖಾರ ನನ್ನದು, ಬೇಳೆ ಮಾತ್ರ ನಿಜ.

ಗುತ್ತಿಗೆ

ಎದುರುಮನೆಯ ಉಡುಪಿಯವರಿಗೆ ಸಮುದ್ರದೊಳಗಿನ ಎಣ್ಣೆಬಾವಿಯಲ್ಲಿ ಕೆಲಸ. ಕೆಲವು ವಾರ ನೀರಿನ ಮೇಲೆ, ಕೆಲವು ವಾರ ಮನೆಯಲ್ಲಿ. ಅವರು ಹೋದಾಗಲೆಲ್ಲ ಹೆಂಡತಿ ಸಂಜೆ ಗ್ಯಾಲರಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ಕಾಣುತ್ತಿದ್ದುದು ಸಮುದ್ರವಲ್ಲ, ಪಕ್ಕದ ಬಿಲ್ಡಿಂಗಿನವರ ಒದ್ದೆ ಬಟ್ಟೆ. ಆದರೂ ನಿಲ್ಲುತ್ತಿದ್ದರು.

ಒಮ್ಮೆ ನಾನು ಅವರ ಮನೆಯಲ್ಲಿ ಕೂತಿದ್ದಾಗ ರೇಡಿಯೋದಲ್ಲಿ, ಎಣ್ಣೆ ಕೊರೆಯಲು ಇನ್ನಷ್ಟು ಸಮುದ್ರ ಗುತ್ತಿಗೆಗೆ ಎಂಬ ಸುದ್ದಿ.

"ದೇಶಕ್ಕೆ ಎಣ್ಣೆ ಬೇಡ್ವಾ ಮಾರಾಯ್ತಿ?" ಎಂದರು ಗಂಡ.

"ಸೋಲಾರ್ ಕುಕ್ಕರಿಗೆ ಸರಕಾರ ಸಬ್ಸಿಡಿ ಕೊಡ್ತದಲ್ಲ! ಬಿಸಿಲು ತರ್ಲಿಕ್ಕೆ ಯಾರ ಗಂಡನೂ ಹೆಲಿಕಾಪ್ಟರ್ ಹತ್ತಬೇಕಂತಿಲ್ಲ."

ನಾನು ಸುಮ್ಮನಿರುತ್ತೇನೆಯೇ? "ಪಂದ್ಯ ಕಟ್ಟಿ" ಎಂದೆ.

"ಆ ಸೋಲಾರ್ ಪೆಟ್ಟಿಗೆಯಲ್ಲಿ ತೊಗರಿಬೇಳೆ ಬೆಂದ ದಿನ ನಾನು ದಡದ ಮೇಲಿನ ಫೋರ್ಟ್ ಆಫೀಸಿಗೆ ವರ್ಗ ಕೇಳ್ತೇನೆ. ಅಲ್ಲಿವರೆಗೆ ಸಮುದ್ರವೇ ಗತಿ!" ಎಂದರು ಗಂಡ.

ಕನ್ನಡಿ

ಪೆಟ್ಟಿಗೆ ಬಂದು ಟೆರೇಸಿನಲ್ಲಿ ಕೂತಿತು. ಮುಚ್ಚಳದ ಕನ್ನಡಿ ಬಿಸಿಲನ್ನು ಪಾತ್ರೆಯ ಮೇಲೆ ಬೀಳಿಸಬೇಕು. ಹಪ್ಪಳ ಒಣಗಿಸಲು ಬಂದ ಹೆಂಗಸರೆಲ್ಲ ಅದನ್ನು ತಮ್ಮ ಕಡೆ ತಿರುಗಿಸಿಕೊಂಡು ತಲೆ ಬಾಚಿದರು. ಸಂಜೆ ನೋಡಿದರೆ ಬೇಳೆ ಅಂಗಡಿಯಿಂದ ತಂದ ಹಾಗೇ ಇತ್ತು.

"ಸೂರ್ಯನ ತಪ್ಪಿಲ್ಲ ಅಣ್ಣ," ಎಂದರು ಆಕೆ, "ಪಾಪ, ಅವನಿಗೆ ಪಾಳಿಯೇ ಬರ್ಲಿಲ್ಲ."

ಮರುದಿನ ಗಂಡ ಹೊರಟರು. ಆಕೆ ಮತ್ತೆ ಗ್ಯಾಲರಿಗೆ.

ಮೋಡ

ಮುಂದಿನ ರಜೆಯ ಕೊನೆಯ ದಿನ. ಗಂಡನ ಚೀಲ ಬಾಗಿಲ ಬಳಿ ಸಿದ್ಧ. ಹೊರಗೆ ಮೋಡ. ಆಕೆಯ ಮುಖ ನೋಡಲಾರದೆ ನನ್ನ ಮನೆಯ ಸ್ಟೋವಿನ ಮೇಲೆ ಬೇಳೆ ಬೇಯಿಸಿದೆ. ಆಕೆ ಮೆಟ್ಟಿಲಲ್ಲಿ ಕಾವಲು. ನಾನು ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಒಯ್ದು ಪೆಟ್ಟಿಗೆಯೊಳಗಿಟ್ಟೆ.

ಗಂಡನನ್ನು ಕರೆದೆವು. ಅವರು ಮುಚ್ಚಳ ತೆಗೆದರು. ಬೇಳೆ ಹಿಸುಕಿದರು. ಬಗ್ಗಿ ಮೂಸಿದರು. ಕಪ್ಪಗಿದ್ದ ಆಕಾಶವನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು.

"ಬೆಂದಿದೆ. ಸೋತೆ. ವರ್ಗಕ್ಕೆ ಇವತ್ತೇ ಬರೀತೇನೆ."

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೆಳಗೆ ಓಡಿದರು. ನಾನು ಮೀಸೆ ತಿರುವುತ್ತಿದ್ದೆ. ಅವರು ನನ್ನ ಕಿವಿಗೆ ಬಗ್ಗಿದರು:

"ಬೇಳೆ ತುಂಬ ಸೀಮೆಎಣ್ಣೆ ವಾಸನೆ ಮಾರಾಯ್ರೆ! ಸೋಲ್ಲಿಕ್ಕೆ ನಾನು ಎಷ್ಟು ಸಮಯದಿಂದ ಕಾಯ್ತಾ ಇದ್ದೇನೆ, ಈ ಬುದ್ಧಿ ನಿಮ್ಗೆ ಮೊದಲೇ ಬರಬಾರ್ದಿತ್ತಾ?"