ಇನ್ನಾಸಪ್ಪ ಮಾಸ್ತರರು ಗೆದ್ದದ್ದು

ಹರಕೆ ಮಾಡಿಕೊಳ್ಳುವಾಗ ತಾವು ಗೆಲ್ಲಬಹುದು ಎಂಬ ಅನುಮಾನ ಇನ್ನಾಸಪ್ಪ ಮಾಸ್ತರರಿಗೆ ಲವಲೇಶವೂ ಇರಲಿಲ್ಲ. ಇದ್ದಿದ್ದರೆ ಸ್ವಲ್ಪ ಅಗ್ಗದ ಹರಕೆಯನ್ನೇ ಮಾಡಿಕೊಳ್ಳುತ್ತಿದ್ದರು.

ಶನಿವಾರ ಸಂಜೆ ಮನೆಯ ಏಸುಸ್ವಾಮಿಯ ಪಟದ ಮುಂದೆ ಮೊಣಕಾಲೂರಿ, "ಸ್ವಾಮೀ, ಹನ್ನೊಂದು ವಾರ ಸೋತೀನಿ. ನಾಳೆ ಒಂದೇ ಒಂದು ಸಲ ಆ ಹಸನ್‌ಸಾಬನ್ನ ಸೋಲಿಸಿಬಿಡು. ಜೀವ ಇರೋತನಕ ಮತ್ತ ಈ ಕೋಲು ಮುಟ್ಟಂಗಿಲ್ಲ" ಅಂದುಬಿಟ್ಟಿದ್ದರು. ಬೇಸತ್ತ ಮನುಷ್ಯನ ಬಾಯಿಂದ ಬಂದ ಮಾತು. ಜೋರಾಗಿಯೇ ಬಂದಿತ್ತು.

ಕೋಲು ಎಂದರೆ ಗಾಲ್ಫ್ ಕೋಲು. ಸಿಂಧನೂರಿನಲ್ಲಿ ಗಾಲ್ಫ್ ಆಡುವವರು ಇಬ್ಬರೇ. ಮಾಸ್ತರರ ತಂದೆ ಲಿಂಗಸುಗೂರು ಕಡೆಯ ಗಣಿ ಕಾಲೊನಿಯೊಂದರ ಕ್ಲಬ್ಬಿನಲ್ಲಿ ಅಡುಗೆಯವರಾಗಿದ್ದರು. ಊರು ಬಿಟ್ಟು ಹೋಗುವಾಗ ಸಾಹೇಬರೊಬ್ಬರು ಕೊಟ್ಟುಹೋದ ಒಂದು ಚೀಲ, ಐದು ಕೋಲು, ಒಂದಿಷ್ಟು ಚೆಂಡು ಮಗನ ಪಾಲಿಗೆ ಬಂದಿದ್ದವು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಮಾಸ್ತರರಿಗೆ ಆಡಲು ಜಾಗವಿರಲಿಲ್ಲ. ಅದನ್ನು ಕೊಟ್ಟವಳು ಹತ್ತಿರದ ಹಳ್ಳಿ ಮುಕ್ಕುಂದದ ಶಿವಬಸಮ್ಮ. ಎರಡನೇ ಬೆಳೆ ಕೊಯ್ಲಾದ ಮೇಲೆ ಕಾಲುವೆಗೆ ನೀರು ಬಿಡುವ ತನಕ ಆಕೆಯ ಗದ್ದೆ ಬರಿದಾಗಿ ಬಿದ್ದಿರುತ್ತಿತ್ತು. ಮಾಸ್ತರರು ಅದರಲ್ಲಿ ಐದು ಕಡೆ ಖಾಲಿ ಡಬ್ಬಿ ಹೂತು, ಪ್ರತಿ ಡಬ್ಬಿಯ ಸುತ್ತ ಕಣ ಸಾರಿಸಿದಂತೆ ಸೆಗಣಿ ಸಾರಿಸಿದರು. ಏಪ್ರಿಲ್ ಕೊನೆಯಿಂದ ಜುಲೈವರೆಗೆ ಅದೇ ಅವರ ಗಾಲ್ಫ್ ಮೈದಾನ. ಐದೂ ಡಬ್ಬಿಗೆ ಚೆಂಡು ಹಾಕಲು ಕಡಿಮೆ ಏಟು ತೆಗೆದುಕೊಂಡವನು ಗೆದ್ದ.

ಒಬ್ಬರೇ ಆಡಿದರೆ ಜನ ಹುಚ್ಚ ಅನ್ನುತ್ತಾರೆ ಎಂದು ಗೆಳೆಯ ಹಸನ್‌ಸಾಬನನ್ನು ಎಳೆದು ತಂದಿದ್ದೇ ತಪ್ಪಾಯಿತು. ಹಸನ್‌ಸಾಬ್ ಬಸ್ ನಿಲ್ದಾಣದ ಹಿಂದೆ ಟೈಲರ್. ಮೂವತ್ತು ವರ್ಷ ಗಿರಾಕಿಯ ಹೆಗಲನ್ನು ಕಣ್ಣಲ್ಲೇ ಅಳೆದ ಮನುಷ್ಯ. ಮೊದಲ ದಿನವೇ ಒಂದು ಕಣ್ಣು ಮುಚ್ಚಿ ಡಬ್ಬಿ ನೋಡಿದ, ಸೂಜಿಗೆ ದಾರ ಪೋಣಿಸಿದಂತೆ ಚೆಂಡನ್ನು ಒಳಗೆ ಹಾಕಿದ. ಅಂದಿನಿಂದ ಮಾಸ್ತರರ ಬಾಳು ಗೋಳಾಯಿತು. ಒಂದು ವಾರ ಮೂರು ಏಟಿನಿಂದ ಸೋಲು, ಇನ್ನೊಂದು ವಾರ ಹನ್ನೆರಡು ಏಟಿನಿಂದ. ಪ್ರತಿ ಸೋಲಿನ ನಂತರ ಹಸನ್‌ಸಾಬನೇ ಸಮಾಧಾನ ಹೇಳಿ, ಚಹಾ ಕುಡಿಸಿ, ತನ್ನ ಮೋಟಾರ್ ಸೈಕಲ್ ಮೇಲೆ ಮನೆ ಮುಟ್ಟಿಸುತ್ತಿದ್ದ. ಸೋಲಿಗಿಂತ ಆ ಸಮಾಧಾನವೇ ಮಾಸ್ತರರನ್ನು ಹೆಚ್ಚು ಸುಡುತ್ತಿತ್ತು.

ಹನ್ನೆರಡನೇ ರವಿವಾರ ಬಂತು. ಮರುದಿನ ಕಾಲುವೆಗೆ ನೀರು ಎಂದು ಸುದ್ದಿಯಾಗಿತ್ತು. ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಮಾಸ್ತರರು ಮುಕ್ಕುಂದಕ್ಕೆ ಬಂದಾಗ ಗದ್ದೆಯ ಬದುವಿನ ಮೇಲೆ ಜನ ಕೂತಿದ್ದರು. ಕೊನೆಯ ಆಟ ಎಂದು ಶಿವಬಸಮ್ಮ ಓಣಿಗೆಲ್ಲ ಹೇಳಿಬಂದಿದ್ದಳು.

"ಮಾಸ್ತರ, ಇವತ್ತರ ಗೆಲ್ಲಪ್ಪ. ನಿನ್ನ ಮಾರಿ ನೋಡಿದ್ರ ನನಗ ಊಟ ಸೇರಂಗಿಲ್ಲ" ಎಂದು ಆಕೆ ಮಡಿಲಲ್ಲಿ ಹರಳು ತುಂಬಿಕೊಂಡು ಕೂತಳು. "ಏಟು ನಾ ಎಣಸ್ತೀನಿ. ಯಾರೂ ಮೋಸ ಮಾಡಂಗಿಲ್ಲ."

ಮೊದಲ ಡಬ್ಬಿಗೆ ಮಾಸ್ತರರು ನಾಲ್ಕು ಏಟು ತೆಗೆದುಕೊಂಡರು. ಹಸನ್‌ಸಾಬ್ ಐದು.

ಬದುವಿನ ಮೇಲೆ ಸಿಳ್ಳೆ ಎದ್ದಿತು. ಮಾಸ್ತರರ ಎದೆ ಉಬ್ಬಿತು. ಉಬ್ಬಿದ ಎದೆಯೊಳಗೆ ಹರಕೆ ನೆನಪಾಯಿತು. ತಕ್ಷಣ ಅದು ಪಂಕ್ಚರ್ ಆದ ಟ್ಯೂಬಿನಂತೆ ಇಳಿದುಹೋಯಿತು.

ಗೆದ್ದರೆ ಮತ್ತೆಂದೂ ಕೋಲು ಮುಟ್ಟುವಂತಿಲ್ಲ! ವಾರವಿಡೀ ಮಕ್ಕಳು ಬರೆದ ಸೊಟ್ಟ ಮಾವಿನಹಣ್ಣುಗಳಿಗೆ ಅಂಕ ಹಾಕುವ ಬದುಕಿನಲ್ಲಿ ಈ ರವಿವಾರವೊಂದೇ ತನ್ನದು ಎಂದು ಅವರಿಗೆ ಹೊಳೆದದ್ದು ಆಗಲೇ. ಸೋತರೂ ತನ್ನದೇ. ಇಲ್ಲ, ಸೋಲಲೇಬೇಕು. ಹನ್ನೊಂದು ವಾರ ಪ್ರಯತ್ನವಿಲ್ಲದೆ ಬಂದ ಸೋಲು ಇವತ್ತು ಬರದೇ ಎಲ್ಲಿ ಹೋಗುತ್ತದೆ?

ಎಲ್ಲಿಗೋ ಹೋಗಿತ್ತು. ಎರಡನೇ ಡಬ್ಬಿಗೆ ಮಾಸ್ತರರು ಬೇಕೆಂದೇ ಕಾಲುವೆಯ ಕಡೆ ತಿರುಗಿ ಹೊಡೆದರು. ಚೆಂಡು ತೂಬಿನ ಸಿಮೆಂಟ್ ಗೋಡೆಗೆ ಬಡಿದು, ಮನೆ ಬಿಟ್ಟುಹೋದ ಅಳಿಯ ಮರಳಿ ಬಂದಂತೆ, ಡಬ್ಬಿಯ ಹತ್ತಿರವೇ ಬಂದು ಕೂತಿತು. ಮೂರನೆಯದರಲ್ಲಿ ಕೂಳೆ ಮೇಯುತ್ತಿದ್ದ ಎಮ್ಮೆಯತ್ತ ಗುರಿಯಿಟ್ಟರು. ಅದರ ಕೊಂಬಿಗೆ ತಾಗಿದ ಚೆಂಡು ಸೆಗಣಿ ಸಾರಿಸಿದ ನೆಲದ ಮೇಲೆ ಜಾರಿತು.

"ಎಮ್ಮಿಗೆ ಬಡದೈತಿ, ಇದು ನಡ್ಯಂಗಿಲ್ಲ" ಎಂದರು ಮಾಸ್ತರರು, ಆಸೆಯಿಂದ.

"ನಡೀತೈತ್ರಿ ಮಾಸ್ತರ್ರ" ಎಂದ ಹಸನ್‌ಸಾಬ್. "ಚೆಂಡು ಎಲ್ಲಿ ನಿಂತೈತೋ ಅಲ್ಲಿಂದ್ಲೇ. ಕಾಯ್ದಾ ನೀವೇ ಹೇಳಿಕೊಟ್ಟೀರಿ."

ಅವನ ಮುಖದಲ್ಲಿ ಬೆವರು ಧಾರಾಕಾರವಾಗಿತ್ತು. ಸುಲಭದ ಏಟು ತಪ್ಪಿಸುತ್ತಿದ್ದ, ತುಟಿ ಕಚ್ಚುತ್ತಿದ್ದ, ಮತ್ತೆ ತಪ್ಪಿಸುತ್ತಿದ್ದ.

ಮಾಸ್ತರರು ಕೊನೆಗೆ ಲೆಕ್ಕವನ್ನೇ ತಿದ್ದಲು ನೋಡಿದರು. "ನಾ ಏಳು ಏಟು ಹೊಡ್ದೀನಿ" ಎಂದರು.

"ಐದೇ ಐತಿ" ಎಂದು ಶಿವಬಸಮ್ಮ ಅಂಗೈ ಬಿಚ್ಚಿ ಹರಳು ತೋರಿಸಿದಳು.

"ಇಲ್ಲಬೇ ಯಮ್ಮಾ, ಏಳು."

"ಏನ್ ಒಳ್ಳೆ ಮನಷ್ಯಾ! ಗೆಳೆಯಾ ಸೋಲ್ತಾನಂತ ತನ್ನ ಏಟು ಜಾಸ್ತಿ ಹೇಳಾಕತ್ತಾನ ನೋಡ್ರೇ!" ಎಂದು ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬದುವಿನ ಮೇಲಿದ್ದ ಹೆಂಗಸರೆಲ್ಲ ಲೊಚಗುಟ್ಟಿದರು. ಟ್ರ್ಯಾಕ್ಟರ್ ಡ್ರೈವರ್ ವೀರೇಶ ಮೊಬೈಲ್ ತೆಗೆದು ವಿಡಿಯೊ ಶುರು ಮಾಡಿದ. ಸುಳ್ಳು ಹೇಳಿದ ಪಾಪವೂ ಬಂತು, ಸುಳ್ಳು ನಡೆಯಲೂ ಇಲ್ಲ.

ನಾಲ್ಕನೇ ಡಬ್ಬಿಗೆ ಮಾತ್ರ ದೇವರು ಕಣ್ಣು ಬಿಟ್ಟ. ಮಾಸ್ತರರು ಗಾಳಿಗೆ ಎರಡು ಸಲ, ನೆಲಕ್ಕೆ ಒಂದು ಸಲ ಹೊಡೆದು ಇದ್ದ ಮುನ್ನಡೆಯನ್ನು ಕಳೆದುಕೊಂಡರು. ಇಬ್ಬರದೂ ಸಮನಾಯಿತು. ಕೊನೆಯ ಡಬ್ಬಿಗೆ ಹಸನ್‌ಸಾಬ್ ಐದು ಏಟಿನಲ್ಲಿ ಮುಗಿಸಿದ. ಮಾಸ್ತರರದು ಮೂರು ಆಗಿತ್ತು, ಚೆಂಡು ಇನ್ನೂ ಒಂದು ಗದ್ದೆ ದೂರ. ಇನ್ನು ಎರಡು ಏಟು ಹಾಳು ಮಾಡಿದರೆ ಬದುಕಿದೆ. ಅವರು ಡಬ್ಬಿಗೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಹೆಗಲು ಸಡಿಲ ಬಿಟ್ಟು, ಚೆಂಡು ತುಂಗಭದ್ರೆಯನ್ನೇ ಸೇರಲಿ ಎಂದು ಬೀಸಿದರು.

ಚೆಂಡು ಕರೆಂಟ್ ಕಂಬಕ್ಕೆ ಬಡಿಯಿತು. ಹಿಂದಕ್ಕೆ ಹಾರಿ ಬದುವಿನ ಮೇಲೆ ಕುಣಿಯಿತು. ಟ್ರ್ಯಾಕ್ಟರ್ ಚಕ್ರ ಬಿಟ್ಟುಹೋದ ಗೆರೆಗೆ ಇಳಿದು, ಓಣಿ ಗುರುತಿದ್ದ ಹಸುವಿನಂತೆ ನೆಟ್ಟಗೆ ಬಂದು, 'ಟಣ್' ಎಂದು ಡಬ್ಬಿಗೆ ಬಿತ್ತು.

ಜನ ಮಾಸ್ತರರನ್ನು ಹೊತ್ತರು. ಅವರು ಹೆಗಲ ಮೇಲೆ ಕೂತು ಅತ್ತರು. ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು. ಹಸನ್‌ಸಾಬ್ ಬಂದು ಎರಡೂ ಕೈ ಹಿಡಿದ. ಅವನ ಕಣ್ಣೂ ಒದ್ದೆಯಾಗಿತ್ತು. ಏನೋ ಹೇಳಲು ಬಾಯಿ ತೆರೆದವನು ಹೇಳದೆ, ಮಸ್ಕಿಯಲ್ಲಿ ಅಕ್ಕನ ಮನೆಗೆ ಹೋಗಬೇಕಿದೆ ಎಂದು ಮೋಟಾರ್ ಸೈಕಲ್ ಹತ್ತಿ ಹೊರಟ.

ಮಾಸ್ತರರು ಮನೆಗೆ ಹೋಗಲಿಲ್ಲ. ಹೋದರೆ ಮನಸ್ಸು ಬದಲಾಗುತ್ತದೆ ಎಂಬ ಭಯ. ಮುಕ್ಕುಂದದ ಆಟೊ ಇಳಿದು ನೇರ ಚರ್ಚಿಗೆ ಬಂದರು. ಫಾದರ್ ಚೌರಪ್ಪನವರು ಮಸ್ಕಿ, ಲಿಂಗಸುಗೂರುಗಳ ಪೂಜೆಗೆಂದು ಜೀಪು ಹತ್ತುತ್ತಿದ್ದರು. ಮಾಸ್ತರರು ಹರಕೆಯ ಕತೆ ಹೇಳಿ ಕೋಲಿನ ಚೀಲವನ್ನು ಜೀಪಿನೊಳಗೆ ಇಟ್ಟರು.

"ನಮ್ಮ ಮನ್ಯಾಗ ಇದ್ರ ಕೈ ತಡೀಯಂಗಿಲ್ಲ ಫಾದರ್. ಎಲ್ಲ್ಯಾರ ಒಯ್ದುಬಿಡ್ರಿ."

ಜೀಪು ಕಣ್ಮರೆಯಾಗುವ ತನಕ ಅವರು ಹೆಣ ಕಳಿಸಿದವರಂತೆ ನಿಂತಿದ್ದರು.

ಮನೆಯಲ್ಲಿ ಹೆಂಡತಿ ಆರೋಗ್ಯಮ್ಮ ಕುರಿ ಸಾರು ಮಾಡಿ, ಕೀರ್ತನೆ ಗುನುಗುತ್ತಿದ್ದಳು. ಗಂಡ ಗದ್ದೆಯಿಂದ ಬಂದ ದಿನ ಆಕೆ ಗುನುಗಿದ್ದು ಇದೇ ಮೊದಲು.

"ಗೆದ್ರಂತ? ವಿಡಿಯೊ ಬಂತು. ಕೋಲು ಎಲ್ಲಿ?"

"ಫಾದರ್‌ಗೆ ಕೊಟ್ಟೆ."

"ದೇವ್ರು ದೊಡ್ಡಾಂವ" ಎಂದು ಆಕೆ ಇನ್ನೊಂದು ಸೌಟು ಸಾರು ಹಾಕಿದಳು. "ಹಸನಣ್ಣನೂ ದೊಡ್ಡಾಂವ. ಮಾತು ಉಳಿಸಿಕೊಂಡ."

ಮಾಸ್ತರರ ಕೈ ತಟ್ಟೆಯ ಮೇಲೆ ನಿಂತಿತು. "ಯಾವ ಮಾತು?"

ಆರೋಗ್ಯಮ್ಮ ನಾಲಿಗೆ ಕಚ್ಚಿಕೊಂಡಳು. ಆದರೆ ಅಷ್ಟು ಸಂತೋಷವನ್ನು ಒಳಗೇ ಇಟ್ಟುಕೊಳ್ಳುವ ಹೆಂಗಸಲ್ಲ ಆಕೆ. ಶನಿವಾರದ ಪ್ರಾರ್ಥನೆ ಅಡುಗೆಮನೆಗೆ ಕೇಳಿಸಿತ್ತು. ಕೂಡಲೇ ಹಸನ್‌ಸಾಬನಿಗೆ ಫೋನ್ ಮಾಡಿ, "ಅಣ್ಣಾ, ನಾಳೆ ಒಂದಿನ ಸೋತುಬಿಡು, ನಮ್ಮ ಮನಿ ಉಳೀತೈತಿ" ಎಂದಿದ್ದಳು. ಅವನು "ಆತು ಅಕ್ಕಾ" ಎಂದಿದ್ದ.

ಹೆಂಡತಿ ನಿರೀಕ್ಷಿಸಿದಂತೆ ಮಾಸ್ತರರು ಸಿಟ್ಟಾಗಲಿಲ್ಲ. ಎದ್ದು ಆಕೆಯ ಹಣೆಗೆ ಮುತ್ತಿಟ್ಟರು. ಸಾರಿನ ಕೈಯನ್ನು ಅರ್ಧ ತೊಳೆದು ಬಸ್ ನಿಲ್ದಾಣಕ್ಕೆ ಓಡಿದರು. ಗೆಳೆಯ ಬೇಕೆಂದೇ ಸೋತಿದ್ದರೆ ಅದು ಗೆಲುವೇ ಅಲ್ಲ! ಗೆಲುವಲ್ಲದಿದ್ದರೆ ಹರಕೆಯೆಲ್ಲಿಯದು?

ಮಸ್ಕಿಯಲ್ಲಿ ಇಳಿದು ವಿಚಾರಿಸಿದರೆ ಫಾದರ್ ಆಗಲೇ ಹೊರಟಿದ್ದರು. ದಾರಿಯಲ್ಲಿ ಸಿಕ್ಕವರೆಲ್ಲ ವಿಡಿಯೊ ನೋಡಿದವರೇ. "ಎಮ್ಮಿ ಕೊಂಬಿನ ಮಾಸ್ತರ್ರು ಅಲ್ರಿ ನೀವು?" ಎಂದು ಒಬ್ಬ ಕೈ ಕುಲುಕುತ್ತ ನಿಂತದ್ದರಿಂದ ಲಿಂಗಸುಗೂರಿನ ಒಂದು ಬಸ್ಸು ತಪ್ಪಿತು. ಮುಂದಿನದರಲ್ಲಿ ನಿಂತೇ ಹೋದರು. ಲಿಂಗಸುಗೂರಿನಲ್ಲಿ ಪೂಜೆ ಮುಗಿಯುವ ತನಕ ಹಿಂದಿನ ಸಾಲಿನಲ್ಲಿ ಮೊಣಕಾಲೂರಿ ಕಾದರು. ಅಂಥ ಭಕ್ತಿ ಅವರಿಗೆ ಈಚೆಗೆ ಬಂದಿರಲಿಲ್ಲ.

ಫಾದರ್ ಎಲ್ಲವನ್ನೂ ಕೇಳಿ ಗಡ್ಡ ನೀವಿಕೊಂಡರು.

"ಎದುರಿನವ ಬೇಕಂತ ಸೋತಿದ್ರ ದೇವರು ನಿಮ್ಮನ್ನ ಗೆಲ್ಲಿಸಿಲ್ಲ. ದೇವರು ಕೊಡದ ಗೆಲುವಿಗೆ ನೀವ್ಯಾಕ ಹರಕೆ ತೀರಿಸ್ತೀರಿ? ತಗೊಂಡು ಹೋಗ್ರಿ ನಿಮ್ಮ ಕೋಲು." ಆಮೇಲೆ ಬೆರಳೆತ್ತಿದರು. "ಖರೇನ ಗೆದ್ದಿದ್ರ ಮಾತ್ರ ನನ್ನ ಕೈಯಾಗ ಏನೂ ಇರ್ತಿರಲಿಲ್ಲ ಮಾಸ್ತರೇ. ಬಾಯಿಬಿಟ್ಟು ಮಾಡಿದ ಹರಕೆ ಅದು."

ಸಂಜೆಯ ಬಸ್ಸಿನಲ್ಲಿ ಮಾಸ್ತರರು ಚೀಲವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಜ್ವರ ಬಿಟ್ಟ ಮಗುವನ್ನು ಸವರುವಂತೆ ಸವರುತ್ತ ಕೂತರು. ಇಷ್ಟು ನೆಮ್ಮದಿಯಾಗಿ ಅವರು ಎಂದೂ ಸೋತಿರಲಿಲ್ಲ. ಮಸ್ಕಿಯಲ್ಲಿ ಬಸ್ಸು ನಿಂತಾಗ ಹಸನ್‌ಸಾಬ್ ಹತ್ತಿದ. ಮೋಟಾರ್ ಸೈಕಲ್ ಕೆಟ್ಟು ಮೆಕ್ಯಾನಿಕ್ ಹತ್ತಿರ ಬಿಟ್ಟಿದ್ದನಂತೆ. ಮಾಸ್ತರರನ್ನು ಕಂಡವನೇ ತಲೆ ತಗ್ಗಿಸಿ ಪಕ್ಕದಲ್ಲಿ ಕೂತ.

"ಆರೋಗ್ಯಮ್ಮ ಎಲ್ಲಾ ಹೇಳ್ಯಾಳ, ಹಸನ್ ಭಾಯಿ" ಎಂದು ಮಾಸ್ತರರು ಅವನ ಬೆನ್ನು ತಟ್ಟಿದರು. "ನೀ ಬೇಕಂತ ಸೋತಿದ್ದಕ್ಕ ನಾ ಬದುಕಿದೆ. ಮುಂದಿನ ವರ್ಷ ಮತ್ತ ಆಡೋಣು."

ಹಸನ್‌ಸಾಬ್ ಆ ಕೈಯನ್ನು ಬೆನ್ನಿನಿಂದ ಇಳಿಸಿದ. ಆಮೇಲೆ, "ಮಾಸ್ತರ್ರ, ಮುಂಜಾನಿನ ಹೇಳ್ಬೇಕಂದೆ, ಬಾಯಿ ಬರಲಿಲ್ಲ" ಎಂದ. "ಆರೋಗ್ಯಮ್ಮಕ್ಕಗ ಹ್ಞೂಂ ಅಂದಿದ್ದು ಖರೇ. ಆದ್ರ ಕೋಲು ಹಿಡದ ಮ್ಯಾಗ ಮನಸ್ಸು ಒಪ್ಪಲಿಲ್ಲರಿ. ಹನ್ನೊಂದು ವಾರ ನೀವು ಒಂದ್ ದಿನಾನೂ ಮೋಸ ಮಾಡಲಿಲ್ಲ. ಸೋತು ಸೋತು ಮತ್ತ ಬಂದ್ರಿ. ಅಂಥಾ ದೋಸ್ತನ ಮುಂದ ಸುಳ್ಳು ಆಟ ಆಡಿದ್ರ ನನ್ನ ಈಮಾನ್ ಏನಾಗ್ಬೇಕು?"

"ಅಂದ್ರ?"

"ಅಲ್ಲಾನ ಮ್ಯಾಗ ಆಣಿ, ಜೀವ ಬಿಟ್ಟು ಆಡೀನಿ. ಇವತ್ತಿನಂಗ ನಾ ಯಾವತ್ತೂ ಪ್ರಯತ್ನ ಮಾಡಿಲ್ಲ. ನೀವು ಖರೇನ ಗೆದ್ದೀರಿ ಮಾಸ್ತರ್ರ! ಆ ಕಡೀ ಏಟು ಇತ್ತಲ್ಲ, ಕಣ್ಣು ಮುಚ್ಚಿ, ಹೆಗಲು ಸಡ್ಲ ಬಿಟ್ಟು... ಸುಭಾನಲ್ಲಾಹ್! ಅದನ್ನ ನನಗೊಂದಿಷ್ಟು ಕಲಿಸ್ರಿ."

ಮಾಸ್ತರರು ಚೀಲದ ಮೇಲಿಂದ ಎರಡೂ ಕೈಗಳನ್ನು ಮೆಲ್ಲಗೆ ಎತ್ತಿದರು. ಕಾದ ಹಂಚು ಮುಟ್ಟಿದವರಂತೆ ಅಂಗೈಗಳನ್ನು ಗಾಳಿಯಲ್ಲೇ ಹಿಡಿದುಕೊಂಡರು. ಜೀವಮಾನದಲ್ಲಿ ಇಷ್ಟು ಒಳ್ಳೆಯ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಎಲ್ಲೋ ಒಳಗೆ, ಹೌದು, ಆ ಏಟಿನಲ್ಲಿ ಹೆಗಲು ಸರಿಯಾಗಿ ತಿರುಗಿತ್ತು ಎಂದು ಗೊತ್ತಾಗಿಬಿಟ್ಟಿತು. ಆಡುವುದು ಹೇಗೆಂದು ಅವರಿಗೆ ಕೊನೆಗೂ ತಿಳಿದಿತ್ತು.

ಬಸ್ಸು ಗುಂಡಿಗೆ ಇಳಿದು ಎದ್ದಿತು. ಹಿಡಿಯುವವರಿಲ್ಲದ ಚೀಲ ತೊಡೆಯಿಂದ ಜಾರಿ, ದಾರಿಗೆ ಅಡ್ಡ ಬಿದ್ದು, ಐದೂ ಕೋಲು ಗಲಗಲ ಅಂದವು.

"ಯಾರದ್ರೀ ಈ ಸಾಮಾನು? ನಡದಾಡಾಕ ಜಾಗ ಬ್ಯಾಡೇನ್ರಿ?" ಎಂದು ಕಂಡಕ್ಟರ್ ಕೂಗಿದ.

ಇನ್ನಾಸಪ್ಪ ಮಾಸ್ತರರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಹಸನ್‌ಸಾಬನತ್ತ ಬೊಟ್ಟು ಮಾಡಿದರು.

"ಇವರದು."