ಅಕ್ಕ ಮೆಚ್ಚಿದ ಕಲಾವತಿ

ಕಾಯಿಲೆಯವರನ್ನು ನೋಡಲು ಹೋಗುವಾಗ ಕೈಯಲ್ಲಿ ಏನು ಹಿಡಿದು ಹೋಗಬೇಕು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಬಿಸ್ಕತ್ತು ಒಯ್ದರೆ ನೋಡಲು ಬಂದವರೇ ತಿಂದು ಮುಗಿಸುತ್ತಾರೆ. ಎಳನೀರು ಒಯ್ದರೆ ಕೆತ್ತುವ ಕತ್ತಿ ಆ ಮನೆಯಲ್ಲಿರುವುದಿಲ್ಲ. ಬರಿಗೈಯಲ್ಲಿ ಹೋದರೆ ನಾವು ಸಲಹೆ ಕೊಡಲು ಶುರು ಮಾಡುತ್ತೇವೆ. ಭಾಲ್ಕಿಯಲ್ಲಿದ್ದ ನನ್ನ ಅಕ್ಕ ಕಮಲಾಬಾಯಿಗೆ ಗಂಟಲ ಕ್ಯಾನ್ಸರ್ ಆಗಿ, ಹೈದರಾಬಾದಿನಲ್ಲಿ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿಕೊಂಡು ಬಂದು ಮಲಗಿದಾಗ ಬಂಧುಗಳು ಬಿಸ್ಕತ್ತು, ಎಳನೀರು, ಸಲಹೆ ಮೂರನ್ನೂ ಧಾರಾಳವಾಗಿ ತಂದರು. ಅಕ್ಕ ಯಾವುದನ್ನೂ ನುಂಗಲಿಲ್ಲ. ಗಂಜಿಯ ಬಟ್ಟಲು ಕಂಡರೂ ಗೋಡೆಯ ಕಡೆ ತಿರುಗುತ್ತಿದ್ದಳು. ಭಾವ ಫೋನ್ ಮಾಡಿ, “ಮೆತ್ತಗಿಂದು, ತಣ್ಣಗಿಂದು ಏನರ ಕೊಡ್ರಿ ಅಂತಾರ ಡಾಕ್ಟರು. ಕೊಡ್ಲಿಕ್ಕಿ ನಾ ತಯಾರ್ ಅದೀನಿ, ತಿನ್ಲಿಕ್ಕಿ ಆಕಿ ತಯಾರ್ ಇಲ್ಲ,” ಅಂದರು.

ನಾನು ಬೀದರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಅಡುಗೆಮನೆಯಲ್ಲಿ ನನ್ನ ಸಾಧನೆಯೆಂದರೆ ಚಹಾ ಮಾಡಲು ಹೋಗಿ ಪಾತ್ರೆಯ ತಳ ಸುಟ್ಟದ್ದು. ಹೆಂಡತಿ ಶಾಂತಾ ಔರಾದದ ಶಾಲೆಯಲ್ಲಿ ಟೀಚರು, ಅಲ್ಲೇ ಒಂದು ರೂಮು ಮಾಡಿಕೊಂಡಿದ್ದಾಳೆ, ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಾಳೆ. ಅವಳು ಆಸೆಯಿಂದ ಕೊಂಡ ಪುಟ್ಟ ಓವನ್ ಮೂಲೆಯಲ್ಲಿ ಕೂತಿತ್ತು. ಫೋನಿನಲ್ಲಿ ಹುಡುಕುತ್ತಿದ್ದಾಗ ಫ್ರಾನ್ಸಿನ ಒಬ್ಬ ಅಜ್ಜಿ ಬಟ್ಟಲಲ್ಲಿ ಹಣ್ಣು ಹರಡಿ, ಹಾಲು, ಮೊಟ್ಟೆ, ಸಕ್ಕರೆ, ಒಂದಿಷ್ಟು ಮೈದಾ ಕಲಸಿ ಮೇಲೆ ಸುರಿದು ಬೇಯಿಸುವುದು ಕಂಡಿತು. ನಡುಗುವಷ್ಟು ಮೆತ್ತಗೆ. ಹೆಸರು ಕ್ಲಾಫೂತಿ. ಅಜ್ಜಿ ಹಾಕಿದ್ದು ಚೆರ್ರಿ. ನಮ್ಮಲ್ಲಿ ಆಗ ಸೀತಾಫಲದ ಕಾಲ, ಬಸ್‌ಸ್ಟ್ಯಾಂಡಿನ ಹೊರಗೆ ಬುಟ್ಟಿ ಬುಟ್ಟಿ.

ಸೀತಾಫಲದ ಬೀಜ ತೆಗೆಯುತ್ತ ಕೂತವನಿಗೆ ಕಚೇರಿಯ ಕೆಲಸ ಎಷ್ಟು ಸುಖದ್ದೆಂದು ಗೊತ್ತಾಗುತ್ತದೆ. ಅಂತೂ ಶನಿವಾರ ರಾತ್ರಿ ಓವನ್ನಿನಿಂದ ಕಂದುಬಣ್ಣದ್ದೇನೋ ಒಂದು ಹೊರಬಂತು. ಶಾಂತಾ ಒಂದು ಚಮಚ ಬಾಯಿಗಿಟ್ಟು ಹೇಳಿದಳು: “ಕಹಿ ಆಗ್ಯಾದ್ರಿ. ಈ ಹಣ್ಣು ಕಾಯಿಸಬಾರದು.”

“ಫ್ರಾನ್ಸಿನ ಅಡಿಗಿ ಹಂಗೇ ಇರ್ತದ,” ಅಂದೆ. ಫ್ರಾನ್ಸಿನಲ್ಲಿ ಸೀತಾಫಲ ಇಲ್ಲವೆಂಬುದು ಆ ಹೊತ್ತಿಗೆ ನನಗೆ ಮುಖ್ಯವಾಗಿ ಕಾಣಲಿಲ್ಲ.

ಭಾನುವಾರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಭಾಲ್ಕಿ ಬಸ್ಸಿನಲ್ಲಿ ಹೋದೆ. ಭಾವನಿಗೆ ಹೆಸರು ಹೇಳಿದೆ. ಅವರಿಗೆ ಒಂದು ಕಿವಿ ಮಂದ. “ಯಾವ ಕಲಾವತಿ?” ಅಂದರು. ಅವತ್ತಿನಿಂದ ಆ ಮನೆಯಲ್ಲಿ ಅದು ಕಲಾವತಿಯೇ ಆಯಿತು. ಭಾವ ರುಚಿ ನೋಡಿ ಮೆಲ್ಲಗೆ ಎದ್ದು ಹಿತ್ತಲಿಗೆ ಹೋಗಿ ಉಗುಳಿ ಬಂದರು. ಅಕ್ಕ ಮಾತ್ರ ಒಂದು ಚಮಚ ನುಂಗಿದಳು. ತುಸು ಹೊತ್ತು ಸುಧಾರಿಸಿಕೊಂಡು ಇನ್ನೊಂದಕ್ಕೆ ಬಾಯಿ ತೆರೆದಳು. ಭಾವನ ಕಣ್ಣು ತುಂಬಿತು. ಕಹಿಗೆ ಇರಬಹುದು ಎಂದು ಆಗ ಅಂದುಕೊಂಡೆ.

“ಚಲೋ ಆಗ್ಯಾದ ತಮ್ಮಾ. ಮುಂದಿನ ಐತಾರ ಮತ್ತ ಮಾಡ್ಕೊಂಡ್ ಬಾ,” ಅಂದಳು ಅಕ್ಕ. ಧ್ವನಿ ಗಾಳಿಯಷ್ಟೇ ಉಳಿದಿತ್ತು.

ಹೊಗಳಿಕೆ ಕೇಳಿದ ಗಂಡಸು ಅಡುಗೆಮನೆಗೆ ಅಪಾಯ. ಸೀತಾಫಲ ಮುಗಿದು ಪೇರಲ ಬಂತು. ಪೇರಲವನ್ನು ಬೇಯಿಸಿ, ಸೋಸಿ, ಬೀಜ ತೆಗೆದು ಹಾಕಿದೆ. ಒಂದು ಸಲ ಏಲಕ್ಕಿ, ಒಂದು ಸಲ ಜಾಯಿಕಾಯಿ. ಮಂಚದ ಪಕ್ಕ ಕೂತು ಏಲಕ್ಕಿಯಿಂದ ಎಷ್ಟು ವ್ಯತ್ಯಾಸವಾಯಿತೆಂದು ವಿವರಿಸುತ್ತಿದ್ದೆ. ಅಕ್ಕ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದಳು. ವಾರದಿಂದ ವಾರಕ್ಕೆ ಅವಳ ಕೈ ಸಣ್ಣದಾಗುತ್ತಿತ್ತು, ಬಳೆ ಮೊಳಕೈವರೆಗೆ ಜಾರುತ್ತಿತ್ತು. ನಾನು ನೋಡಿದ್ದು ಚಮಚವನ್ನು. ಕಚೇರಿಯಲ್ಲಿ, “ನಮ್ಮಕ್ಕ ಬದುಕಿರೋದೇ ನನ್ನ ಕೈ ಅಡಿಗಿ ಮ್ಯಾಲ,” ಅಂತ ಹೇಳಿಕೊಂಡೂ ಬಂದೆ.

ಅದನ್ನು ಹೇಳಿದ ವಾರವೇ ಅಕ್ಕ ತೀರಿಕೊಂಡಳು.

ಮೂರನೆಯ ದಿನದ ಎಡೆಗೆ ಸತ್ತವರು ಇಷ್ಟಪಟ್ಟ ತಿನಿಸು ಇಡುತ್ತಾರೆ. ಹಲಬರ್ಗಾದಿಂದ ಬಂದಿದ್ದ ಭಾವನ ಅಕ್ಕ ಲಕ್ಷ್ಮೀಬಾಯಿ ಪಡಸಾಲೆಯಲ್ಲಿ ನಿಂತು ಕೇಳಿದರು: “ಕಮಲಾಗ ಏನ್ ಸೇರ್ತಿತ್ತು?” ಭಾವನಿಗೆ ಏನು ಸೇರುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ನನಗೆ ಸೇರುತ್ತಿದ್ದದ್ದೂ ಗೊತ್ತಿತ್ತು, ಮಾಡಿ ಹಾಕುತ್ತಿದ್ದವಳು ಅವಳೇ. ಕೊನೆಗೆ ಭಾವ, “ಕಲಾವತಿ,” ಅಂದರು.

“ಆಕಿ ಯಾರು?” ಅಂದರು ಲಕ್ಷ್ಮೀಬಾಯಿ. ಅಂಥ ಮನೆಯಲ್ಲೂ ಇಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನಾನು ಬೀದರಿಗೆ ಓಡಿ, ಮಾಡಿ ತಂದೆ. ಎಡೆ ಇಟ್ಟು ಬಂದ ಮೇಲೆ ಕಟ್ಟೆಯ ಮೇಲೆ ಕೂತು, “ಆಕಿಗಿ ಏಲಕ್ಕಿದೇ ಭಾಳ ಸೇರ್ತಿತ್ತು, ಅಲ್ರೀ ಭಾವ?” ಅಂದೆ.

ಭಾವ ಹೇಳಿದರು: “ಕರೆಂಟ್ ಕೊಟ್ಟ ಮ್ಯಾಲ ಆಕಿಗಿ ರುಚಿನೇ ತಿಳೀತಿದ್ದಿಲ್ಲೋ. ಬಾಯಾಗ ಮಣ್ಣು ಇಟ್ಟಂಗ ಆಗ್ತದ ಅಂತಿದ್ಳು. ನೀ ಬಸ್ ಹತ್ತಿದ ಮ್ಯಾಲ ಒಮ್ಮೊಮ್ಮಿ ಎಲ್ಲಾ ವಾಂತಿ ಆಗ್ತಿತ್ತು. ಬ್ಯಾಡಂದ್ರ ಕೇಳ್ತಿದ್ದಿಲ್ಲ. ಹಿಂಗಾದ್ರೂ ತಮ್ಮ ವಾರಕ್ಕೊಮ್ಮಿ ಬರ್ತಾನ ಅಂತಿದ್ಳು.”

ಆ ಹೊತ್ತಿಗೆ ಮನುಷ್ಯನಿಗೆ ದುಃಖ ಬರಬೇಕು. ನನಗೆ ಮೊದಲು ಬಂದದ್ದು ಅವಮಾನ. ಏಲಕ್ಕಿ, ಜಾಯಿಕಾಯಿ, ನನ್ನ ಅಷ್ಟೂ ಭಾಷಣ! ದುಃಖ ಹಿಂದಿನಿಂದ ಬಂತು. ಬಂದದ್ದು ಇನ್ನೂ ಹೋಗಿಲ್ಲ.

ಅಷ್ಟರಲ್ಲಿ ಒಳಗಿನಿಂದ ಲಕ್ಷ್ಮೀಬಾಯಿ ಉಳಿದದ್ದನ್ನು ಬಟ್ಟಲಲ್ಲಿ ಹಾಕಿಕೊಂಡು ಬಂದು ನನ್ನ ಪಕ್ಕ ಕೂತರು. ನಿಧಾನವಾಗಿ ತಿಂದು, “ಅಡ್ಡಿಯಿಲ್ಲಪ್ಪ. ಸಕ್ರಿ ಒಂಚೂರು ಕಮ್ಮಿ ಬಿದ್ದದ,” ಅಂದರು.

ಕಣ್ಣು ಒರೆಸಿಕೊಳ್ಳುತ್ತಲೇ ನಾನು ಮನಸ್ಸಿನಲ್ಲಿ ಇನ್ನೊಂದು ಚಮಚ ಸಕ್ಕರೆ ಸೇರಿಸಿದೆ. ಇನ್ನು ಯಾರಿಗಾಗಿ ಎಂಬ ಪ್ರಶ್ನೆ ಹೊಳೆದದ್ದು ಆಮೇಲೆ.