ಕುಂಬಳಕಾಯಿ ಒಡಪು

ಹಾಸ್ಯಗಾರನ ಹೆಂಡತಿ ಜನರನ್ನು ನಗಿಸಬಾರದು ಎಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ. ಬರೆಯಬೇಕಿತ್ತು.

ನನ್ನದು ಕೂಡ್ಲಿಗಿಯಲ್ಲಿ ಪಾತ್ರೆ ಅಂಗಡಿ. ಉಡುಗೊರೆಯ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು ಕೊರೆಯುವುದು ಹೊಟ್ಟೆಪಾಡು. ಹಾಸ್ಯ ಸಾಹಿತ್ಯ ನನ್ನ ಉಸಿರು. ರಾಜ್ಯೋತ್ಸವದ ವೇದಿಕೆಯಲ್ಲಿ ಮೂರು ಸಲ ನಗೆಹನಿ ಓದಿದ್ದೇನೆ. (ಮೂರನೆಯ ಸಲ ಕರೆಂಟ್ ಹೋಗಿತ್ತು. ಆದರೂ ಓದಿದೆ.) ಸ್ವಂತ ಪುಸ್ತಕವೂ ಇದೆ. ಅದರ ಮೊದಲ ಮುದ್ರಣ ನಮ್ಮ ಅಟ್ಟದ ಮೇಲೆ ಸುರಕ್ಷಿತವಾಗಿದೆ.

ಇಂಥ ಮನೆಯಲ್ಲಿ ಜನ "ಇನ್ನೊಮ್ಮೆ, ಇನ್ನೊಮ್ಮೆ" ಎನ್ನುವುದು ಯಾರಿಗೆ? ನನ್ನ ಹೆಂಡತಿ ಪುಷ್ಪಲತಾಳಿಗೆ.

ಮೂರು ವರ್ಷದ ಹಿಂದೆ ನೀಲಗುಂದದಲ್ಲಿ ಅವಳ ತಂಗಿಯ ಗೃಹಪ್ರವೇಶ. ಹೆಂಗಸರು ಹೊಸ್ತಿಲಲ್ಲಿ ಅಡ್ಡ ನಿಂತು, ಗಂಡನ ಹೆಸರು ಹೇಳಿದವರಿಗೇ ಒಳಗೆ ಜಾಗ ಎಂದರು. ಬರೀ ಹೆಸರು ನಡೆಯುವುದಿಲ್ಲ, ಪ್ರಾಸದ ಸಾಲುಗಳ ಒಡಪು ಕಟ್ಟಿ ಅದರೊಳಗೆ ಹೆಸರು ಕೂಡಿಸಬೇಕು. ಉಳಿದವರು ಬೆಳ್ಳಿ ಬಟ್ಟಲು, ಬಂಗಾರದ ತಟ್ಟೆ ಎಂದು ಅಚ್ಚುಕಟ್ಟಾಗಿ ಹೇಳಿ ದಾಟಿದರು. ಇವಳು ಕೈಯಲ್ಲಿದ್ದ ಬ್ಯಾಗನ್ನೂ ಇಳಿಸದೆ ಹೇಳಿದಳು:

"ಆರಿಸಿ ಆರಿಸಿ ತಂದೆ ಸಂತ್ಯಾಗ ಕುಂಬಳಕಾಯಿ,
ಕೊಯ್ದು ನೋಡಿದ್ರ ತಿರುಳಿಲ್ಲ, ಬರೇ ಬಾಯಿ;
ವಾಪಸ್ ಕೊಡಾಕ ಹೋದ್ರ ಮುಗಿದಿತ್ತು ಸಂತಿ,
ಮರುಳಪ್ಪನವರ್ನ ಇರ್ಲಿ ಅಂತ ಇಟ್ಕೊಂಡ್ ಕುಂತೀನಿ."

ಒಳಗೆ ಹಾಲು ಉಕ್ಕಿಸುತ್ತಿದ್ದವರು ನಗುವ ಭರದಲ್ಲಿ ಮೈಮರೆತರು. ಹಾಲು ಒಲೆಯನ್ನೇ ಆರಿಸಿತು. ಅದನ್ನೂ ಶುಭ ಎಂದರು.

ಅಂದಿನಿಂದ ನಾಮಕರಣವಿರಲಿ, ನಿಶ್ಚಿತಾರ್ಥವಿರಲಿ, ಇವಳು ಚಪ್ಪಲಿ ಬಿಡುವುದರೊಳಗೆ ಬೇಡಿಕೆ ಶುರು. ಒಮ್ಮೆ ಹಗರಿಬೊಮ್ಮನಹಳ್ಳಿಯ ಬಸ್ಸಿನಲ್ಲಿ ಕಂಡಕ್ಟರಮ್ಮನೇ ಗುರುತು ಹಿಡಿದು, "ಅಕ್ಕಾರ, ಆ ಕುಂಬಳಕಾಯಿ ಒಂಚೂರು ಹೇಳ್ರಿ" ಎಂದಳು. ಹೇಳಿದಳು. ಬಸ್ಸಿನ ತುಂಬ ಹೆಂಗಸರು, ಎಲ್ಲರದೂ ಪುಕ್ಕಟೆ ಟಿಕೆಟ್ಟು. ದುಡ್ಡು ಕೊಟ್ಟು ಕೂತದ್ದು ಕುಂಬಳಕಾಯಿ ಒಂದೇ.

ತರಕಾರಿಗೆ ಹೋಲಿಸಿದಳೆಂದು ಸಿಟ್ಟಾಗುವಷ್ಟು ಸಣ್ಣವನಲ್ಲ ನಾನು. ನನ್ನ ಸಣ್ಣತನವೆಲ್ಲ ಆ ನಗೆಯ ಮೇಲಿತ್ತು. ನಾಲ್ಕೇ ಸಾಲು, ಮೂರು ವರ್ಷ, ಒಂದಕ್ಷರ ಬದಲಿಲ್ಲ. ಆದರೂ ಮೊದಲ ಸಲದಷ್ಟೇ ನಗೆ. ನಾನು ಒಂದು ನಗೆಹನಿಯನ್ನು ಎರಡನೆಯ ಸಲ ಹೇಳಿದರೆ ಜನ ಗಡಿಯಾರ ನೋಡುತ್ತಾರೆ. ಕೊನೆಗೆ ಹಿರಿಯ ಕಲಾವಿದನ ಗಾಂಭೀರ್ಯದಿಂದ, ಮೂರನೆಯ ಸಾಲಿನ ನಂತರ ಸ್ವಲ್ಪ ತಡೆದರೆ ನಗೆ ಹೆಚ್ಚು ಬರುತ್ತದೆ ಎಂದು ಅವಳಿಗೆ ಸಲಹೆ ಕೊಟ್ಟೆ.

"ನಿಮ್ಮ ಪಾತ್ರಿ ನೀವು ಕೊರೀರಿ" ಎಂದಳು.

ಗಂಡಸರೂ ಒಡಪು ಹೇಳಬಹುದಲ್ಲ ಎಂಬ ದಿವ್ಯಜ್ಞಾನ ಹುಟ್ಟಿದ್ದು ಆಗಲೇ. ಹರಪನಹಳ್ಳಿಯಲ್ಲಿ ಅವಳ ಚಿಗವ್ವ ದಾಕ್ಷಾಯಣಮ್ಮನವರ ಬಸುರಿ ಮೊಮ್ಮಗಳ ಕುಬಸದ ಕಾರ್ಯವಿತ್ತು. ಎಂಟು ದಿನ ಕೂತು ಹನ್ನೆರಡು ಸಾಲು ಕಟ್ಟಿದೆ. ಪ್ರಾಸ, ಅನುಪ್ರಾಸ, ಕೊಟ್ಟೂರಿನ ಮಂಡಕ್ಕಿ, ಯಾವುದನ್ನೂ ಬಿಡಲಿಲ್ಲ. ಹೊರಡುವ ದಿನ ಪುಷ್ಪಲತಾ, "ನನ್ನ ಮುಂದ ಒಮ್ಮಿ ಹೇಳಿ ತೋರಿಸ್ರಿ. ತಪ್ಪಿದ್ರ ಹೇಳ್ತೀನಿ" ಎಂದಳು. ಎದುರಾಳಿಗೆ ಅಸ್ತ್ರ ತೋರಿಸುವವರುಂಟೇ? ಹಾಳೆಯನ್ನು ಒಳಜೇಬಿಗೆ ಸೇರಿಸಿದೆ.

ಆರತಿ ಮುಗಿದದ್ದೇ ತಡ, "ಪುಷ್ಪಕ್ಕ, ಕುಂಬಳಕಾಯಿ" ಎಂದು ಕೂಗೆದ್ದಿತು. ನಾನು ಕೈ ಎತ್ತಿ ತಡೆದು, ಈ ಸಲ ಹೆಂಡತಿಯ ಹೆಸರನ್ನು ಗಂಡನೇ ಹೇಳುತ್ತಾನೆ ಎಂದು ಘೋಷಿಸಿದೆ. ಸಭೆ ಶಾಂತವಾಯಿತು. ಶುರು ಮಾಡಿದೆ. ಹತ್ತು ಸಾಲು ದಾಟಿ ಶಿಖರಕ್ಕೆ ಬಂದೆ:

"ಹಡಗಲಿ ಮಲ್ಲಿಗಿ ಮುಡಿದು ನಿಂತಾಳ ನನ್ನ ರಾಣಿ,
ನಗಿಯ ರಾಜ್ಯಕ್ಕ ನಾನೇ ರಾಜ, ಕೇಳ್ರಿ ನನ್ನ ವಾಣಿ."

ಬಲಗೈ ಮೇಲೆತ್ತಿ ನಿಂತೆ. ಒಂದು ಬಳೆಯ ಸದ್ದೂ ಇಲ್ಲ. ಬೆರಗಾಗಿದ್ದಾರೆ ಎಂದುಕೊಂಡೆ. ಕೈ ಇಳಿಸಲಿಲ್ಲ.

"ಹೂಂ, ಮುಂದ?" ಎಂದರು ದಾಕ್ಷಾಯಣಮ್ಮ.

"ಮುಗೀತ್ರಿ ಚಿಗವ್ವ."

"ಮುಗೀತಂದ್ರ? ಹೆಸರೆಲ್ಲೈತಪ್ಪ?"

ಹಾಳೆ ತೆಗೆದು ನೋಡಿದೆ. ಹಡಗಲಿ ಇತ್ತು, ಕೊಟ್ಟೂರು ಇತ್ತು, ನಾನು ಐದು ಕಡೆ ಇದ್ದೆ. ಇಪ್ಪತ್ತು ವರ್ಷದಲ್ಲಿ ಒಂದು ಚಮಚಕ್ಕೂ ಹೆಸರು ತಪ್ಪಿಸದ ನಾನು ಹೆಂಡತಿಯ ಹೆಸರನ್ನೇ ಬಿಟ್ಟಿದ್ದೆ.

ಪುಷ್ಪಲತಾ ಮೆಲ್ಲಗೆ ಅಂದಳು: "ಬಿಡ್ರಿ ಚಿಗವ್ವ. ಒಳಗ ಏನಿಲ್ಲ ಅಂತ ನಾ ಮೂರು ವರ್ಷದಿಂದ ಹೇಳಾಕತ್ತೀನಿ."

ಆ ನಗೆಯನ್ನು ನಾನು ವರ್ಣಿಸಲಾರೆ. ಬಸುರಿಯನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು.

ಊರಿಗೆ ಮರಳುವಾಗ ಬಸ್ಸಿನಲ್ಲಿ ಅವಳು, "ನನ್ನ ಕುಂಬಳಕಾಯಿಯಾಗ ನಿಮ್ಮ ಹೆಸರಾದ್ರೂ ಐತಿ" ಎಂದಳು. ಅಷ್ಟೇ. ನಾನು ಟಿಕೆಟ್ಟು ಮಡಚುತ್ತ ಕೂತೆ.

ಪ್ರಾಯಶ್ಚಿತ್ತಕ್ಕೆಂದು ಇನ್ನೆರಡು ಸಾಲು ಸೇರಿಸಿ ಅವಳ ಹೆಸರನ್ನು ಅಂದವಾಗಿ ಕೂಡಿಸಿದೆ. ಮುಂದಿನ ತಿಂಗಳು ಹರಪನಹಳ್ಳಿ ಕಡೆಯ ಅರಸೀಕೆರೆಯ ಮದುವೆಯಲ್ಲಿ ಜನ ನನ್ನನ್ನೇ ಕೇಳಿದರು, ಹೌದು, ನನ್ನನ್ನೇ! ಎದೆಯುಬ್ಬಿಸಿ ಹದಿನಾಲ್ಕೂ ಸಾಲು ಹೇಳಿದೆ. ಎಲ್ಲರ ಮುಖ ಬಾಡಿತು. "ಅಯ್ಯ, ಹೆಸರು ಹಾಕಿ ಕೆಡಿಸಿಬಿಟ್ರಲ್ರಿ. ಮೊದಲಿನಂಗ ಹೇಳ್ರಿ" ಎಂದರು.

ಹೇಳಿದೆ. ಈಗ ಸುತ್ತಲಿನ ಐದು ತಾಲ್ಲೂಕಿನಲ್ಲಿ ಹೇಳುತ್ತಿದ್ದೇನೆ. ಹನ್ನೆರಡನೆಯ ಸಾಲಿಗೆ ಕೈ ಎತ್ತಿ ನಿಲ್ಲುತ್ತೇನೆ, ಜನ ಒಟ್ಟಾಗಿ "ಹೆಸರೆಲ್ಲೈತಪ್ಪ?" ಎನ್ನುತ್ತಾರೆ. ಮೊನ್ನೆ ಕಾರ್ಯಕ್ರಮ ಮುಗಿಸಿ ಬರುವಾಗ ಪುಷ್ಪಲತಾ ಹಿರಿಯ ಕಲಾವಿದೆಯ ಗಾಂಭೀರ್ಯದಿಂದ ಹೇಳಿದಳು:

"ಕೈ ಎತ್ತಿ ನಿಂದ್ರತೀರಲ್ಲ, ಅಲ್ಲಿ ಇನ್ನೊಂಚೂರು ತಡೀರಿ. ನಗಿ ಹೆಚ್ಚು ಬರ್ತೈತಿ."